ಬಡೀ ಸಾಹಿಬಾ: ಗೋಲ್ಕೊಂಡದ ಮಗಳು, ವಿಜಾಪುರದ ಪಿರಿಯರಸಿ

ದಖನ್ನಿನ ಸುಲ್ತಾನರ ಚರಿತ್ರೆಯಲ್ಲಿ ರಾಣಿಯರು ಸಾಮಾನ್ಯವಾಗಿ ಎರಡು ಸಂದರ್ಭಗಳಲ್ಲಿ ಮಾತ್ರ ಕಾಣಿಸಿಕೊಳ್ಳುತ್ತಾರೆ. ಒಂದು, ಎರಡು ಮನೆತನಗಳ ನಡುವೆ ಸಂಧಾನವಾಗಿ ವಿವಾಹ ನಡೆದಾಗ. ಇನ್ನೊಂದು, ಗೋರಿ ಎದ್ದಾಗ. ಇವೆರಡರ ನಡುವಿನ ಮೂವತ್ತು ನಲವತ್ತು ವರ್ಷಗಳ ಬಾಳು ಅಂತಃಪುರದ ಮೌನದಲ್ಲಿ ಕಳೆದುಹೋಗುತ್ತದೆ. ಚಾಂದ್ ಬೀಬಿ ಒಬ್ಬಳು ಇದಕ್ಕೆ ಅಪವಾದ. ಅದೂ ಆಕೆ ಅಹಮದ್‌ನಗರದ ಕೋಟೆಯನ್ನು ಮೊಗಲರ ವಿರುದ್ಧ ಕಾದು ನಿಂತ ಕಾರಣದಿಂದ. ಅವಳಿಗಿಂತ ಎರಡು ತಲೆಮಾರು ಈಚೆಗೆ ಅದೇ ವಿಜಾಪುರದ ಅರಮನೆಯಲ್ಲಿ ಬಾಳಿದ ಖದೀಜಾ ಸುಲ್ತಾನಾಳ ಹೆಸರು ಕನ್ನಡ ಓದುಗರಿಗೆ ಅಷ್ಟಾಗಿ ಪರಿಚಿತವಲ್ಲ. ಬಡೀ ಸಾಹಿಬಾ ಎಂಬ ಅವಳ ಬಿರುದು ಮಾತ್ರ ಅಫಜಲಖಾನನ ಪ್ರಸಂಗದ ಅಂಚಿನಲ್ಲಿ ಒಮ್ಮೆ ಕೇಳಿಬಂದು ಮರೆಯಾಗುತ್ತದೆ. ಹೈದರಾಬಾದಿನ ರಾಜಮನೆತನದಲ್ಲಿ ಹುಟ್ಟಿ, ಕನ್ನಡ ನಾಡಿನ ರಾಜಧಾನಿಯೊಂದರಲ್ಲಿ ರಾಣಿಯಾಗಿ, ಪತಿಯ ಅನಾರೋಗ್ಯದ ಕಾಲದಲ್ಲೂ ಮಗನ ಆಳ್ವಿಕೆಯ ಮೊದಲ ವರ್ಷಗಳಲ್ಲೂ ರಾಜ್ಯಭಾರದ ಹೊಣೆ ಹೊತ್ತ ಈಕೆಯ ಜೀವನ ಒಂದು ಬಿರುದಿಗಿಂತ ಹೆಚ್ಚಿನ ಗಮನಕ್ಕೆ ಅರ್ಹವಾದದ್ದು.

ಬಿರುದಿನ ವಿಷಯವನ್ನೇ ಮೊದಲು ನೋಡಬಹುದು. 'ಬಡೀ ಸಾಹಿಬಾ' ಎಂದರೆ ಹಿರಿಯ ಒಡತಿ. ಕನ್ನಡ ಶಾಸನಗಳನ್ನು ಬಲ್ಲವರಿಗೆ ಇದನ್ನು ಕೇಳಿದೊಡನೆ 'ಪಿರಿಯರಸಿ' ಎಂಬ ಪದ ನೆನಪಾಗದೆ ಇರದು. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (1076-1126) ರಾಣಿ ಲಕ್ಷ್ಮಾದೇವಿಯನ್ನು ಶಾಸನಗಳು ಹೀಗೆ ಕರೆದಿವೆ. ಆ ಕಾಲದ ಅರಸಿಯರು ಗ್ರಾಮಗಳನ್ನೂ ಅಗ್ರಹಾರಗಳನ್ನೂ ತಾವೇ ಆಳುತ್ತಿದ್ದುದಕ್ಕೆ, ದತ್ತಿಗಳನ್ನು ಬಿಡುತ್ತಿದ್ದುದಕ್ಕೆ ಕಲ್ಲಿನ ಮೇಲೆ ಕೊರೆದ ಸಾಕ್ಷ್ಯವಿದೆ. ಐದು ಶತಮಾನಗಳ ಅನಂತರ ಅದೇ ಭೂಭಾಗದಲ್ಲಿ, ಬೇರೊಂದು ಮತದ, ಬೇರೊಂದು ನುಡಿಯ ಅರಮನೆಯಲ್ಲಿ, ಅದೇ ಅರ್ಥದ ಬಿರುದು ಪಟ್ಟದ ರಾಣಿಗೆ ಸಲ್ಲುತ್ತಿತ್ತು. ಒಂದರಿಂದ ಇನ್ನೊಂದು ಬಂದಿತೆಂದು ಹೇಳಬೇಕಾಗಿಲ್ಲ. ದೊಡ್ಡ ಮನೆತನಗಳ ಹಿರಿಯ ಹೆಣ್ಣಿಗೆ ಎಲ್ಲ ಕಾಲದಲ್ಲೂ ಇಂಥದೊಂದು ಸ್ಥಾನವಿದ್ದೇ ಇರುತ್ತದೆ. ಆದರೆ ಸಾಕ್ಷ್ಯದ ಸ್ವರೂಪದಲ್ಲಿ ವ್ಯತ್ಯಾಸವಿದೆ. ಚಾಲುಕ್ಯ ರಾಣಿಯ ಅಧಿಕಾರವನ್ನು ಅವಳ ನಾಡಿನ ಶಾಸನವೇ ಸಾರುತ್ತದೆ. ಬಡೀ ಸಾಹಿಬಾಳ ಅಧಿಕಾರವನ್ನು ಕುರಿತು ಹೆಚ್ಚಾಗಿ ಮಾತನಾಡುವವರು ಮೊಗಲ್ ಪಕ್ಷದ ಲೇಖಕರು, ಡಚ್ ಮತ್ತು ಇಂಗ್ಲಿಷ್ ವರ್ತಕರು. ಅಂದರೆ ಶತ್ರುಗಳು ಇಲ್ಲವೇ ಪರಕೀಯರು. ಅವಳನ್ನು ಅರಿಯಬೇಕಾದವರು ಈ ಸಂಗತಿಯನ್ನು ಮರೆಯುವಂತಿಲ್ಲ.

ಖದೀಜಾ ಸುಲ್ತಾನಾ ಕುತುಬ್‌ಶಾಹಿ ವಂಶದ ಸುಲ್ತಾನ್ ಮುಹಮ್ಮದನ (1612-1626) ಮಗಳು. ತಾಯಿ ಹಯಾತ್ ಬಕ್ಷಿ ಬೇಗಂ. ತಾಯಿಯ ತಂದೆ, 1591ರಲ್ಲಿ ಹೈದರಾಬಾದ್ ನಗರವನ್ನು ಕಟ್ಟಿದ ಮುಹಮ್ಮದ್ ಕುಲಿ ಕುತುಬ್‌ಶಾಹ. ಈತ ದಖನಿ ನುಡಿಯ ಮೊದಲ ಸಾಲಿನ ಕವಿಯೂ ಹೌದು; ಮಳೆಗಾಲ, ವಸಂತ, ಹಬ್ಬಗಳು, ತನ್ನ ಪ್ರೇಯಸಿಯರು, ಊರಿನ ಹಣ್ಣು ತರಕಾರಿಗಳು ಎಲ್ಲವನ್ನೂ ಕಾವ್ಯಕ್ಕೆ ತಂದವನು. ಗಂಡು ಸಂತಾನವಿಲ್ಲದ ಅವನು ತನ್ನ ಮಗಳನ್ನು 1607ರಲ್ಲಿ ತಮ್ಮನ ಮಗನಿಗೆ ಕೊಟ್ಟು, ಅಳಿಯನನ್ನೇ ಉತ್ತರಾಧಿಕಾರಿಯನ್ನಾಗಿ ಮಾಡಿದನು. ಹೀಗೆ ಹಯಾತ್ ಬಕ್ಷಿ ಬೇಗಂ ಒಬ್ಬ ಸುಲ್ತಾನನ ಮಗಳು, ಒಬ್ಬನ ಹೆಂಡತಿ, ಇನ್ನೊಬ್ಬನ ತಾಯಿ ಎನಿಸಿದಳು. 1626ರಲ್ಲಿ ಪತಿ ತೀರಿಕೊಂಡಾಗ ಮಗ ಅಬ್ದುಲ್ಲಾ ಇನ್ನೂ ಬಾಲಕ. ರಾಜ್ಯದ ಹಿಡಿತ ತಾಯಿಯ ಕೈಯಲ್ಲಿಯೇ ಉಳಿಯಿತು. ನಗರದ ಪೂರ್ವಕ್ಕೆ ಮಚಲೀಪಟ್ಟಣದ ಹೆದ್ದಾರಿಯಲ್ಲಿರುವ ಹಯಾತ್‌ನಗರ, ಅಲ್ಲಿಯ ಮಸೀದಿ ಮತ್ತು ಸರಾಯಿ ಇಂದಿಗೂ ಅವಳ ಹೆಸರನ್ನು ಉಳಿಸಿಕೊಂಡಿವೆ. ಪ್ರಭುತ್ವವನ್ನು ಪರದೆಯ ಹಿಂದಿನಿಂದ ನಡೆಸುವ ಬಗೆಯನ್ನು ಖದೀಜಾ ಬೇರೆಲ್ಲೋ ಕಲಿಯಬೇಕಾಗಿರಲಿಲ್ಲ. ಮನೆಯಲ್ಲಿಯೇ ಅದು ಕಣ್ಣೆದುರಿಗಿತ್ತು.

1633ರಲ್ಲಿ ಅವಳ ವಿವಾಹ ವಿಜಾಪುರದ ಮುಹಮ್ಮದ್ ಆದಿಲ್‌ಶಾಹನೊಡನೆ (1627-1656) ನೆರವೇರಿತು. ದಖನ್ನಿನ ಸುಲ್ತಾನರಲ್ಲಿ ಇಂಥ ಸಂಬಂಧಗಳು ರಾಜನೀತಿಯ ಒಂದು ಅಂಗವೇ ಆಗಿದ್ದವು. 1565ರ ಯುದ್ಧಕ್ಕೆ ಮುನ್ನ ಅಹಮದ್‌ನಗರದ ಚಾಂದ್ ಬೀಬಿ ವಿಜಾಪುರದ ಒಂದನೆಯ ಅಲಿ ಆದಿಲ್‌ಶಾಹನ ಕೈಹಿಡಿದಾಗ ಸೊಲ್ಲಾಪುರದ ಕೋಟೆ ಬಳುವಳಿಯಾಗಿ ಬಂದಿತ್ತು. ಎರಡನೆಯ ಇಬ್ರಾಹೀಮನ ರಾಣಿಯೊಬ್ಬಳು ಗೋಲ್ಕೊಂಡದವಳು, ಮುಹಮ್ಮದ್ ಕುಲಿಯ ಸೋದರಿ. ಹೀಗಾಗಿ ಖದೀಜಾ ಬಂದದ್ದು ಅಪರಿಚಿತ ಮನೆಗಲ್ಲ. ಆದರೆ ಕಾಲ ಬದಲಾಗಿತ್ತು. ಅದೇ 1633ರಲ್ಲಿ ದೌಲತಾಬಾದ್ ಮೊಗಲರ ವಶವಾಯಿತು. ಅಹಮದ್‌ನಗರದ ರಾಜ್ಯ ಅಳಿವಿನ ಅಂಚಿಗೆ ಬಂದಿತು. ಇನ್ನುಳಿದವು ಎರಡೇ ಮನೆಗಳು. 1636ರಲ್ಲಿ ಷಾಹಜಹಾನನು ಆ ಎರಡೂ ಮನೆಗಳಿಂದ ಶರಣಾಗತಿಯ ಒಪ್ಪಂದವನ್ನು ಬರೆಸಿಕೊಂಡನು. ವಿಜಾಪುರ ಇಪ್ಪತ್ತು ಲಕ್ಷ ರೂಪಾಯಿಯನ್ನೂ, ಗೋಲ್ಕೊಂಡ ವರ್ಷಕ್ಕೆ ಎರಡು ಲಕ್ಷ ಹೊನ್ನನ್ನೂ ತೆರಬೇಕಾಯಿತು. ತವರು ಮತ್ತು ಗಂಡನ ಮನೆ ಎರಡೂ ಒಂದೇ ವರ್ಷ ಒಬ್ಬನೇ ಚಕ್ರವರ್ತಿಗೆ ತಲೆಬಾಗಿದ್ದನ್ನು ಖದೀಜಾ ಕಂಡಳು. ಮುಂದೆ ಎರಡು ದಶಕಗಳ ಬಳಿಕ ನಡೆದುದಕ್ಕೆ ಇದೇ ಪೀಠಿಕೆ.

ಮದುವೆಯ ಸಂಗಡ ಹೈದರಾಬಾದಿನಿಂದ ವಿಜಾಪುರಕ್ಕೆ ಬಂದದ್ದು ಆಭರಣಗಳಷ್ಟೇ ಅಲ್ಲ. ಸಾಹಿತ್ಯದ ದೃಷ್ಟಿಯಿಂದ ಇದು ಬಹಳ ಮುಖ್ಯವಾದ ಸಂಗತಿ. ವಧುವಿನ ಪರಿವಾರದಲ್ಲಿ ಗುಲಾಮನಾಗಿ ಬಂದವನು ಮಲಿಕ್ ಖುಷ್ನೂದ್. ಅವನು ವಿಜಾಪುರದ ಆಸ್ಥಾನದಲ್ಲಿ ಮೇಲೇರಿ, 1635ರಲ್ಲಿ ಗೋಲ್ಕೊಂಡಕ್ಕೆ ವಿಜಾಪುರದ ರಾಯಭಾರಿಯಾಗಿಯೇ ಹೋದನು. ಅತ್ತ ಗೋಲ್ಕೊಂಡದಿಂದ ರಾಯಭಾರಿಯಾಗಿ ಬಂದವನು ಅಲ್ಲಿಯ ಪ್ರಸಿದ್ಧ ಕವಿ ಗವ್ವಾಸಿ. ಎರಡೂ ಕಡೆಯವರು ಕವಿಗಳನ್ನೇ ರಾಯಭಾರಕ್ಕೆ ಕಳುಹಿಸಿದ್ದು ಆಕಸ್ಮಿಕವಿರಲಾರದು. ಖುಷ್ನೂದ್ ಮುಂದೆ ಅಮೀರ್ ಖುಸ್ರೋವಿನ ಪಾರಸೀ ಕಾವ್ಯವನ್ನು ಆಧರಿಸಿ 'ಜನ್ನತ್ ಸಿಂಗಾರ್' ಎಂಬ ದಖನಿ ಕಾವ್ಯವನ್ನು ರಚಿಸಿದನು. 'ಜನ್ನತ್' ಅರಬ್ಬೀ, 'ಸಿಂಗಾರ್' ಸಂಸ್ಕೃತದ ಶೃಂಗಾರ. ಕನ್ನಡದ 'ಸಿಂಗಾರ'ಕ್ಕೂ ಮೂಲ ಅದೇ. ಹೆಸರಿನಲ್ಲಿಯೇ ಆ ನುಡಿಯ ಸ್ವಭಾವವಿದೆ.

ರಾಣಿಯ ಸ್ವಂತ ಪ್ರೇರಣೆಯಿಂದ ಹುಟ್ಟಿದ ಕೃತಿ ಇದಕ್ಕಿಂತ ದೊಡ್ಡದು. ಕಮಾಲ್ ಖಾನ್ ರುಸ್ತಮಿ ಎಂಬ ಕವಿ 1649ರಲ್ಲಿ ಮುಗಿಸಿದ 'ಖಾವರ್‌ನಾಮಾ' ಖದೀಜಾ ಸುಲ್ತಾನಾಳ ಆಜ್ಞೆಯಂತೆ ರಚಿತವಾದದ್ದು. ಹದಿನೈದನೆಯ ಶತಮಾನದ ಪಾರಸೀ ಕವಿ ಇಬ್ನ್ ಹುಸಾಮನ ಕೃತಿ ಇದರ ಮೂಲ. ಹಜರತ್ ಅಲಿ ಮತ್ತು ಅವನ ಸಂಗಡಿಗರ ಸಾಹಸಗಳು, ದೂರದ ಖಾವರಾನ್ ದೇಶ, ಅಲ್ಲಿಯ ದೈತ್ಯರು, ಸರ್ಪಗಳು, ಮಾಯಾವಿಗಳೇ ಇದರ ವಸ್ತು. ಸುಮಾರು 24,000 ದ್ವಿಪದಿಗಳ ಈ ಗ್ರಂಥ ದಖನಿಯ ಅತಿ ದೀರ್ಘ ಕಥನಕಾವ್ಯಗಳಲ್ಲಿ ಒಂದೆನಿಸಿದೆ. ಇದರ ಸಚಿತ್ರ ಹಸ್ತಪ್ರತಿಯೊಂದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ.

ಈ ಆಜ್ಞೆಯ ಮಹತ್ವವನ್ನು ಕನ್ನಡ ವಿದ್ಯಾರ್ಥಿಗಳು ಸುಲಭವಾಗಿ ಊಹಿಸಬಲ್ಲರು. ಸಂಸ್ಕೃತದಲ್ಲಿದ್ದುದನ್ನು ದೇಶಭಾಷೆಗೆ ತರುವಾಗ ನಮ್ಮ ಕವಿಗಳಿಗೆ ಎದುರಾದ ಪ್ರಶ್ನೆಗಳೇ ಪಾರಸಿಯಿಂದ ದಖನಿಗೆ ತರುವಾಗಲೂ ಎದುರಾಗಿದ್ದವು. ವಿಜಾಪುರದ ಆಸ್ಥಾನದಲ್ಲಿ ಪಾರಸೀ ಪಂಡಿತರ ಕೊರತೆಯೇನೂ ಇರಲಿಲ್ಲ. ಮುಹಮ್ಮದ್ ಆದಿಲ್‌ಶಾಹನ ಕಾಲದ ಇತಿಹಾಸವಾದ 'ಮುಹಮ್ಮದ್‌ನಾಮಾ' ಕೂಡ ಪಾರಸಿಯಲ್ಲಿಯೇ ಇದೆ. ಹೀಗಿರುವಾಗ ಮೂಲವನ್ನೇ ಓದಿಸಿ ಕೇಳುವುದು ರಾಣಿಗೆ ಕಷ್ಟವೇನೂ ಆಗಿರಲಾರದು. ಆಡುನುಡಿಯಲ್ಲಿಯೇ ಅದು ಬೇಕೆಂದು ಅವಳು ಬಯಸಿದಳು. ಮುಹಮ್ಮದ್ ಕುಲಿಯ ಮೊಮ್ಮಗಳಿಗೆ ದಖನಿ ತಾಯಿಯ ಮನೆಯ ನುಡಿಯಾಗಿತ್ತು. ಅಂತಃಪುರದ ಹೆಂಗಸರು, ಪರಿಚಾರಕಿಯರು ಕೂಡಿ ಕೇಳಬಹುದಾದ ಕಥೆಯೂ ಆ ನುಡಿಯಲ್ಲೇ ಇರಬೇಕಾಗಿತ್ತು. ತೆಲುಗು ನೆರೆಯ ಗೋಲ್ಕೊಂಡದ ದಖನಿಗೂ, ಕನ್ನಡ-ಮರಾಠಿಗಳ ನಡುವಿನ ವಿಜಾಪುರದ ದಖನಿಗೂ ಇಂಥ ಓಡಾಟಗಳಿಂದ ಎಷ್ಟು ಕೊಡುಕೊಳೆ ನಡೆದಿರಬೇಕೆಂಬುದು ಭಾಷಾಶಾಸ್ತ್ರದ ಅಭ್ಯಾಸಿಗಳು ಇನ್ನೂ ಕೂಲಂಕಷವಾಗಿ ನೋಡಬೇಕಾದ ವಿಷಯ.

ರಾಜ್ಯದ ಕಡೆ ನೋಡಿದರೆ, ಮುಹಮ್ಮದ್ ಆದಿಲ್‌ಶಾಹನ ಮೊದಲ ಎರಡು ದಶಕಗಳು ದಕ್ಷಿಣಕ್ಕೆ ವಿಸ್ತರಿಸಿದ ಕಾಲ. ರಣದುಲ್ಲಾಖಾನನ ನೇತೃತ್ವದ ಸೈನ್ಯ ಕೆಳದಿಯ ಮೇಲೆ ಏರಿ ಬಂದದ್ದು, 1638ರಲ್ಲಿ ಬೆಂಗಳೂರನ್ನು ಕೆಂಪೇಗೌಡರಿಂದ ಕಸಿದು ಷಹಾಜಿಗೆ ಜಹಗೀರಾಗಿ ಕೊಟ್ಟದ್ದು, ಶ್ರೀರಂಗಪಟ್ಟಣದಲ್ಲಿ ಕಂಠೀರವ ನರಸರಾಜ ಒಡೆಯರು ಆ ಸೈನ್ಯವನ್ನು ಹಿಮ್ಮೆಟ್ಟಿಸಿದ್ದು ಎಲ್ಲವೂ ಕರ್ನಾಟಕದ ಇತಿಹಾಸದಲ್ಲಿ ಚೆನ್ನಾಗಿ ಪರಿಚಿತವಾದ ಘಟನೆಗಳು. ಇವುಗಳಲ್ಲಿ ರಾಣಿಯ ಪಾತ್ರವನ್ನು ಹುಡುಕುವ ಅಗತ್ಯವಿಲ್ಲ.

1646ರಲ್ಲಿ ಸುಲ್ತಾನನು ಕಠಿಣ ರೋಗಕ್ಕೆ ತುತ್ತಾದನು. ಆಮೇಲೆ ಅವನು ಹತ್ತು ವರ್ಷ ಬದುಕಿದ್ದರೂ ಮೊದಲಿನಂತೆ ರಾಜ್ಯಕಾರ್ಯ ನೋಡುವ ಶಕ್ತಿ ಮರಳಲಿಲ್ಲ. ವಿಜಾಪುರದ ಸೂಫಿ ಸಂತ ಹಾಶಿಂಪೀರನು ತನ್ನ ಆಯುಷ್ಯದ ಹತ್ತು ವರ್ಷಗಳನ್ನು ಸುಲ್ತಾನನಿಗೆ ಧಾರೆಯೆರೆದನೆಂದು ಜನರ ನಂಬಿಕೆ. ಆ ದಾನದ ಹತ್ತು ವರ್ಷ ರಾಜ್ಯವನ್ನು ನಡೆಸಿದವರಾರು ಎಂಬುದನ್ನು ಐತಿಹ್ಯ ಹೇಳುವುದಿಲ್ಲ. ಇತಿಹಾಸಕಾರರು ಹೇಳುವಂತೆ ಆ ಕಾಲದಲ್ಲಿ ಅಧಿಕಾರದ ಸೂತ್ರ ಬಡೀ ಸಾಹಿಬಾಳ ಕೈಯಲ್ಲಿತ್ತು. ಗೋಳಗುಮ್ಮಟ ಮೇಲೇಳುತ್ತಿದ್ದ ಕಾಲ ಅದು. ಗೋಳಗುಮ್ಮಟದ ನೆರಳಿನಲ್ಲಿ ಹತ್ತು ವರ್ಷಗಳ ಆಡಳಿತ ಮರೆತುಹೋದುದು ಸಹಜವೇ ಇರಬಹುದು, ಆದರೆ ನ್ಯಾಯವಲ್ಲ. ಪ್ರಾಸಂಗಿಕವಾಗಿ ಒಂದು ಮಾತು: 1651ರಲ್ಲಿ ವಿಜಾಪುರದ ದಕ್ಷಿಣಕ್ಕೆ ಕಟ್ಟಿಸಿದ 'ಬೇಗಂ ತಲಾಬ್' ಕೆರೆಯ ಹೆಸರಿನಲ್ಲಿರುವ ಬೇಗಂ ಇವಳಲ್ಲ. ಅದು ಜಹಾನ್ ಬೇಗಂ ಎಂಬ ಇನ್ನೊಬ್ಬ ರಾಣಿಯ ಹೆಸರಿನದು.

ಖದೀಜಾಳ ಬಾಳಿನ ಅತ್ಯಂತ ಕಠಿಣ ಎರಡು ವರ್ಷಗಳನ್ನು ಅರಿಯಲು ಮತ್ತೆ ಹೈದರಾಬಾದಿಗೆ ಬರಬೇಕಾಗುತ್ತದೆ. ಅಬ್ದುಲ್ಲಾ ಕುತುಬ್‌ಶಾಹನ ಮಂತ್ರಿ ಮೀರ್ ಜುಮ್ಲಾ ಕರ್ನಾಟಕ ಪ್ರಾಂತದ ವಿಜಯಗಳಿಂದಲೂ ವಜ್ರದ ವ್ಯಾಪಾರದಿಂದಲೂ ಅಪಾರ ಸಂಪತ್ತು ಗಳಿಸಿ, ಒಡೆಯನಿಗೇ ಎದುರು ನಿಂತು, ಮೊಗಲರ ಆಶ್ರಯ ಬೇಡಿದನು. ಅವನ ಮಗನನ್ನು ಸುಲ್ತಾನನು ಸೆರೆಹಿಡಿದದ್ದೇ ನೆಪವಾಯಿತು. ದಖನ್ನಿನ ಸುಬೇದಾರನಾಗಿದ್ದ ಔರಂಗಜೇಬನು 1656ರ ಜನವರಿಯಲ್ಲಿ ತನ್ನ ಮಗ ಮುಹಮ್ಮದ್ ಸುಲ್ತಾನನನ್ನು ಹೈದರಾಬಾದಿನ ಮೇಲೆ ಕಳುಹಿಸಿದನು. ಅಬ್ದುಲ್ಲಾ ಗೋಲ್ಕೊಂಡದ ಕೋಟೆಗೆ ಓಡಿದನು, ನಗರ ಲೂಟಿಯಾಯಿತು. ಫೆಬ್ರವರಿಯಲ್ಲಿ ಔರಂಗಜೇಬನೇ ಬಂದು ಕೋಟೆಯನ್ನು ಮುತ್ತಿದನು. ಆಗ ವೃದ್ಧೆಯಾಗಿದ್ದ ಹಯಾತ್ ಬಕ್ಷಿ ಬೇಗಂ ಕೋಟೆಯಿಂದ ಹೊರಬಂದು, ಶತ್ರುವಿನ ಶಿಬಿರಕ್ಕೆ ತಾನೇ ಹೋಗಿ ಸಂಧಾನ ನಡೆಸಿದಳು. ಒಂದು ಕೋಟಿ ರೂಪಾಯಿ ದಂಡ, ರಾಮಗೀರ್ ಪ್ರಾಂತ, ಅಬ್ದುಲ್ಲಾನ ಎರಡನೆಯ ಮಗಳನ್ನು ಮುಹಮ್ಮದ್ ಸುಲ್ತಾನನಿಗೆ ವಿವಾಹ ಮಾಡಿಕೊಡುವುದು ಇವು ಒಪ್ಪಂದದ ಷರತ್ತುಗಳು. ದೆಹಲಿಯ ಆಜ್ಞೆಯೂ ಬಂದದ್ದರಿಂದ ಮಾರ್ಚ್ 30ರಂದು ಮುತ್ತಿಗೆ ತೆರವಾಯಿತು. ರಾಜ್ಯ ಉಳಿಯಿತು, ಬೊಕ್ಕಸ ಬರಿದಾಯಿತು, ಮೊಮ್ಮಗಳು ಶತ್ರುವಿನ ಮನೆ ಸೇರಿದಳು.

ಅದೇ ವರ್ಷದ ನವೆಂಬರಿನಲ್ಲಿ ಮುಹಮ್ಮದ್ ಆದಿಲ್‌ಶಾಹ ತೀರಿಕೊಂಡನು. ಬಡೀ ಸಾಹಿಬಾ ಮತ್ತು ವಜೀರ ಖಾನ್ ಮುಹಮ್ಮದ್ ಕೂಡಿ ಹದಿನೆಂಟು ವರ್ಷದ ಎರಡನೆಯ ಅಲಿಯನ್ನು ಸಿಂಹಾಸನದ ಮೇಲೆ ಕೂರಿಸಿದರು. ಗೋಲ್ಕೊಂಡವನ್ನು ಬಿಟ್ಟು ಬಂದಿದ್ದ ಔರಂಗಜೇಬನಿಗೆ ಹೊಸ ನೆಪ ದೊರೆಯಿತು. ಅಲಿ ದಿವಂಗತ ಸುಲ್ತಾನನ ಮಗನೇ ಅಲ್ಲ, ಎಲ್ಲಿಂದಲೋ ತಂದು ಅಂತಃಪುರದಲ್ಲಿ ಬೆಳೆಸಿದ ಹುಡುಗ ಎಂಬುದೇ ಆ ನೆಪ. ವಾರಸುದಾರನನ್ನು ನಿರ್ಣಯಿಸುವ ಹಕ್ಕು ಮೊಗಲರಿಗೆ ಯಾವ ಒಪ್ಪಂದದಿಂದಲೂ ಬಂದಿರಲಿಲ್ಲ. ಅಲಿಯನ್ನು ಸಾಕಿ ಬೆಳೆಸಿದವಳು ಬಡೀ ಸಾಹಿಬಾ. ಆದ್ದರಿಂದ ಈ ಆರೋಪ ಹುಡುಗನ ಹುಟ್ಟಿನ ಮೇಲೆ ಹೊರಿಸಿದ್ದಾಗಿ ತೋರಿದರೂ, ವಾಸ್ತವವಾಗಿ ರಾಣಿಯ ಮಾತಿನ ಮೇಲೆ ಹೊರಿಸಿದ್ದು. ಅಂತಃಪುರದಲ್ಲಿ ನಡೆದುದಕ್ಕೆ ಅವಳ ಮಾತನ್ನು ಬಿಟ್ಟು ಬೇರೆ ಪ್ರಮಾಣವೇ ಇರಲಿಲ್ಲ. ಅಲಿಯ ಹುಟ್ಟಿನ ಸತ್ಯ ಏನೇ ಇರಲಿ, ವಿಜಾಪುರದ ಆಸ್ಥಾನ ಅವಳ ಮಾತನ್ನು ಒಪ್ಪಿತು. ಅಲಿ ಆ ಬಳಿಕ ಹದಿನಾರು ವರ್ಷ ಆಳಿದನು.

1657ರ ಮಾರ್ಚ್ ಕೊನೆಯಲ್ಲಿ ಬೀದರಿನ ಕೋಟೆ ಬಿದ್ದಿತು. ಕೋಟೆಯ ರಕ್ಷಕ ಸಿದ್ದಿ ಮರ್ಜಾನ್ ಮದ್ದು ಸಿಡಿದು ಗಾಯಗೊಂಡು ಸತ್ತನು. ಮೇ ತಿಂಗಳಲ್ಲಿ ಕಲ್ಯಾಣಕ್ಕೆ ಮುತ್ತಿಗೆ ಬಿದ್ದು, ಸುಮಾರು ಮೂರು ತಿಂಗಳ ಹೋರಾಟದ ಬಳಿಕ ಆಗಸ್ಟ್ ಆರಂಭದಲ್ಲಿ ಅದೂ ಕೈಬಿಟ್ಟಿತು. ವಿಕ್ರಮಾದಿತ್ಯನ ಪಿರಿಯರಸಿಯ ಕಲ್ಯಾಣವನ್ನು ವಿಜಾಪುರದ ಪಿರಿಯರಸಿ ಕಳೆದುಕೊಂಡಳು. ಸಂಧಾನದಲ್ಲಿ ವಿಜಾಪುರವು ಬೀದರ್, ಕಲ್ಯಾಣ, ಪರಾಂಡ ಕೋಟೆಗಳನ್ನೂ ಒಂದೂವರೆ ಕೋಟಿ ರೂಪಾಯಿಯನ್ನೂ ಕೊಡಲು ಒಪ್ಪಬೇಕಾಯಿತು. ಅದರಲ್ಲಿ ಐವತ್ತು ಲಕ್ಷವನ್ನು ಷಾಹಜಹಾನನು ಬಿಟ್ಟುಕೊಟ್ಟನು. ಉಳಿದದ್ದು ಒಂದು ಕೋಟಿ. ಹೀಗೆ ಒಂದು ವರ್ಷದ ಅಂತರದಲ್ಲಿ, ಒಬ್ಬನೇ ಎದುರಾಳಿ, ಒಂದೇ ಮೊತ್ತದ ದಂಡವನ್ನು ಮೊದಲು ತಾಯಿಯ ಮನೆಯ ಮೇಲೆ, ಬಳಿಕ ಮಗಳ ಮನೆಯ ಮೇಲೆ ಹೇರಿದ್ದನು. ಸೆಪ್ಟೆಂಬರಿನಲ್ಲಿ ಷಾಹಜಹಾನನು ಕಾಯಿಲೆ ಬಿದ್ದು, ಮಕ್ಕಳ ನಡುವೆ ಸಿಂಹಾಸನದ ಕದನ ತೊಡಗದೆ ಹೋಗಿದ್ದರೆ ವಿಜಾಪುರದ ಗತಿ ಏನಾಗುತ್ತಿತ್ತೆಂದು ಹೇಳುವುದು ಕಷ್ಟ. ಈ ಎರಡು ಮುತ್ತಿಗೆಗಳನ್ನು ಗ್ರಂಥಗಳು ಬೇರೆ ಬೇರೆ ಅಧ್ಯಾಯಗಳಲ್ಲಿ ಹೇಳುವುದರಿಂದ, ತಾಯಿ ಮಗಳು ಇಬ್ಬರೂ ಅನುಭವಿಸಿದ ಒಂದೇ ಸಂಕಟದ ಎರಡು ಭಾಗಗಳು ಇವೆಂಬುದು ಕಣ್ಣಿಗೆ ಬೀಳುವುದಿಲ್ಲ.

ಮೊಗಲರು ಹಿಂದೆ ಸರಿದರೂ ಅರಮನೆಯಲ್ಲಿ ನೆಮ್ಮದಿ ಇರಲಿಲ್ಲ. ಶತ್ರುವಿನೊಡನೆ ಒಳಸಂಚು ನಡೆಸಿದನೆಂಬ ಸಂದೇಹಕ್ಕೆ ಗುರಿಯಾಗಿ ವಜೀರ ಖಾನ್ ಮುಹಮ್ಮದ್ 1657ರ ನವೆಂಬರಿನಲ್ಲಿ ಕೊಲೆಯಾದನು. ಇದು ಬಡೀ ಸಾಹಿಬಾಳ ಸಮ್ಮತಿಯಿಂದಲೇ ನಡೆಯಿತೆಂದು ಹಲವು ಇತಿಹಾಸಕಾರರ ಅಭಿಪ್ರಾಯ. ಒಂದು ವರ್ಷದ ಹಿಂದೆ ಅಲಿಯನ್ನು ಪಟ್ಟಕ್ಕೆ ತರುವಲ್ಲಿ ಅವಳಿಗೆ ಹೆಗಲು ಕೊಟ್ಟವನು ಅವನೇ. ರಾಣಿಯನ್ನು ಕೇವಲ ಸಹನಶೀಲೆಯಾಗಿ, ವಾತ್ಸಲ್ಯಮಯಿಯಾಗಿ ಚಿತ್ರಿಸಬಯಸುವವರಿಗೆ ಈ ಘಟನೆ ಅಡ್ಡಬರುತ್ತದೆ. ಅಧಿಕಾರ ನಡೆಸಿದವಳ ಚರಿತ್ರೆಯಲ್ಲಿ ಅಧಿಕಾರದ ಕ್ರೌರ್ಯಕ್ಕೂ ಎಡೆಯಿರಲೇಬೇಕು.

1659ರಲ್ಲಿ ಶಿವಾಜಿಯ ವಿರುದ್ಧ ಅಫಜಲಖಾನನನ್ನು ಕಳುಹಿಸಿದ ಪ್ರಸಂಗ ಎಲ್ಲರಿಗೂ ತಿಳಿದದ್ದು. ನವೆಂಬರ್ 10ರಂದು ಪ್ರತಾಪಗಡದ ಬುಡದಲ್ಲಿ ಖಾನನು ಮಡಿದನು. ಇರುವ ಸೈನ್ಯದಿಂದ ಗೆಲ್ಲುವುದು ಸಾಧ್ಯವಿಲ್ಲವೆಂದರಿತ ರಾಣಿಯೇ ಸ್ನೇಹವನ್ನು ನಟಿಸುವಂತೆ ಅವನಿಗೆ ಸಲಹೆ ಮಾಡಿದ್ದಳೆಂದು ರಾಜಾಪುರದ ಇಂಗ್ಲಿಷ್ ವರ್ತಕರು ಮರು ತಿಂಗಳೇ ಬರೆದರು. ವರ್ತಕರಿಗೆ ಅಂತಃಪುರದ ಮಾತು ಹೇಗೆ ಮುಟ್ಟಿತೋ ಏನೋ. ಅದು ಪೇಟೆಯಲ್ಲಿ ಹರಡಿದ್ದ ಸುದ್ದಿಯೂ ಆಗಿರಬಹುದು. ಆದರೆ ವಿಜಾಪುರದಲ್ಲಿ ನಿರ್ಣಯ ಕೈಗೊಳ್ಳುವವಳು ರಾಣಿಯೇ ಎಂಬ ತಿಳಿವಳಿಕೆ ಕರಾವಳಿಯ ಪರದೇಶಿ ಕೋಠಿಗಳವರೆಗೆ ಹಬ್ಬಿತ್ತೆಂಬುದಕ್ಕೆ ಆ ಪತ್ರ ಸಾಕಾದ ಸಾಕ್ಷಿ. ಮೂರು ದಶಕಗಳ ಬಾಳಿನಲ್ಲಿ ಈ ಒಂದು ಸಲಹೆಯನ್ನೇ ಹಿಡಿದು ಅವಳನ್ನು ಅಳೆಯುವ ರೂಢಿ ಮಾತ್ರ ಒಪ್ಪತಕ್ಕದ್ದಲ್ಲ.

ಮರುವರ್ಷ ಪನ್ಹಾಳದ ಮುತ್ತಿಗೆಯಿಂದ ಶಿವಾಜಿ ತಪ್ಪಿಸಿಕೊಂಡನು. ಅಲಿ ತಾನೇ ರಾಜ್ಯಭಾರಕ್ಕೆ ಮುಂದಾದನು. ಅವನ ಆಸ್ಥಾನದಲ್ಲಿ ನುಸ್ರತಿ ದಖನಿಯ ಶ್ರೇಷ್ಠ ಕವಿಯಾಗಿ ಬೆಳಗಿದನು. 1657ರ ಆ ಸಂಕಟದ ವರ್ಷದಲ್ಲಿಯೇ ಅವನ 'ಗುಲ್ಶನ್-ಎ-ಇಷ್ಕ್' ಸಿದ್ಧವಾಗಿತ್ತು. ರುಸ್ತಮಿಗೆ ಆಜ್ಞೆಯಿತ್ತ ರಾಣಿಯ ಮಡಿಲಲ್ಲಿ ಬೆಳೆದ ಅಲಿ ಸ್ವತಃ ದಖನಿಯಲ್ಲಿ 'ಶಾಹಿ' ಎಂಬ ಅಂಕಿತದಿಂದ ಕವಿತೆ ಬರೆದನು.

1661ರಲ್ಲಿ ಬಡೀ ಸಾಹಿಬಾ ಮಕ್ಕಾ ಯಾತ್ರೆಗೆ ಹೊರಟಳು. ಡಚ್ಚರ ಕೋಠಿಯಿದ್ದ ಕೊಂಕಣ ಕರಾವಳಿಯ ವೆಂಗುರ್ಲದಿಂದ ಅವರದೇ ಹಡಗಿನಲ್ಲಿ ಅವಳ ಪ್ರಯಾಣ ಸಾಗಿತು. ಇತ್ತ ಗೋಲ್ಕೊಂಡದಲ್ಲಿ ತಾಯಿ ಇನ್ನೂ ಬದುಕಿದ್ದಳು. ಕುತುಬ್‌ಶಾಹಿ ಗೋರಿಗಳ ಆವರಣದಲ್ಲಿ ದೊಡ್ಡ ಮಸೀದಿಯನ್ನು ಕಟ್ಟಿಸಿ, 1667ರಲ್ಲಿ ಹಯಾತ್ ಬಕ್ಷಿ ಬೇಗಂ ತೀರಿಕೊಂಡಳು. ಸುಲ್ತಾನರ ಗುಮ್ಮಟಗಳಿಗೆ ಸಮನಾಗಿ ನಿಂತ ಅವಳ ಗೋರಿ ಆ ಮಸೀದಿಯ ಪಕ್ಕದಲ್ಲಿದೆ.